ಯಾರೂ ಕೇಳದ ಚೀನಾ ಪುಸ್ತಕ

ಪುಸ್ತಕ ಶಿಫಾರಸು ಮಾಡುವುದೂ ಗಂಡು-ಹೆಣ್ಣಿಗೆ ಸಂಬಂಧ ಕುದುರಿಸುವುದೂ ಒಂದೇ. ಚೆನ್ನಾಗಿ ನಡೆದರೆ ಯಾರೂ ನೆನೆಯುವುದಿಲ್ಲ, ಕೆಟ್ಟರೆ ಬೈಗುಳವೆಲ್ಲ ನಮಗೇ. ಹಲಸೂರು ಪೇಟೆಯ ಬಾಡಿಗೆ ಪುಸ್ತಕದಂಗಡಿಯಲ್ಲಿ ಕೆಲಸಕ್ಕಿದ್ದಷ್ಟು ಕಾಲವೂ ನನಗೆ ಇಂಥವು ತಪ್ಪಲಿಲ್ಲ.

ನಮ್ಮಲ್ಲಿ ಒಂದು ಕಾದಂಬರಿಯಿತ್ತು. ಹಳೆಯ ಚೀನಾದ ದೊರೆಗಳ ಚರಿತ್ರೆಗೆ ಮಾಯಾಮಂತ್ರ ಬೆರೆಸಿ ಯಾರೋ ಪುಣ್ಯಾತ್ಮರು ಕನ್ನಡದಲ್ಲಿ ಬರೆದದ್ದು. ಪುಟ್ಟ ಹುಡುಗನೇ ಚಕ್ರವರ್ತಿ. ಪರದೆಯ ಹಿಂದೆ ಕೂತು ರಾಜ್ಯ ಆಳುವವಳು ಅವನ ಅಜ್ಜಿ. ಮಂತ್ರಿಯ ವೇಷದಲ್ಲಿ ಒಂದು ನರಿ. ಓದಿ ಮುಗಿಸಿದ ದಿನ ನನಗೆ ಊಟವೇ ಬೇಡವಾಗಿತ್ತು. ಆದರೆ ಅದನ್ನು ಮುಟ್ಟುವವರೇ ಇಲ್ಲ.

ಆಗ ಎರಡನೇ ಮಹಾಯುದ್ಧದ ಕಾಲ, ಕಾಗದಕ್ಕೆ ಬರ. ಅಂಗಡಿ ಯಜಮಾನರು ಹೇಳಿಬಿಟ್ಟರು: "ದೀಪಾವಳಿಯೊಳಗೆ ಒಬ್ಬರಾದ್ರೂ ಪೂರ್ತಿ ಓದ್ಬೇಕು. ಇಲ್ದಿದ್ರೆ ಕಡಲೆಕಾಯಿ ಪೊಟ್ಟಣ ಕಟ್ಟೋಕೆ ಕೊಟ್ಬಿಡ್ತೀನಿ. ನೀನು ಓದಿದ್ದು ಲೆಕ್ಕಕ್ಕಿಲ್ಲ."

ಅಂದೇ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಓದುಗರನ್ನು ಹುಡುಕಲು ಹೊರಟೆ.

ಹಲ್ಲಿನ ಡಾಕ್ಟರು

ಪಕ್ಕದ ದಂಡು ಪ್ರದೇಶದಲ್ಲಿ ಚೀನಾ ಮೂಲದ ಹಲ್ಲಿನ ಡಾಕ್ಟರೊಬ್ಬರಿದ್ದರು. ಇವರಿಗಿಂತ ತಕ್ಕ ಓದುಗ ಎಲ್ಲಿ ಸಿಕ್ಕಾನು ಎಂದು ಓಡಿದೆ.

"ಡಾಕ್ಟ್ರೇ, ನಿಮ್ಮ ದೇಶದ ಕಥೆ!"

"ನಾನು ಹುಟ್ಟಿದ್ದು ಇಲ್ಲೇ ಹಲಸೂರಲ್ಲಿ ಕಣ್ರೀ. ಚೀನಾ ಯಾವ ದಿಕ್ಕಿಗಿದೆ ಅಂತ್ಲೂ ಗೊತ್ತಿಲ್ಲ. ಪತ್ತೇದಾರಿ ಇದ್ರೆ ಕೊಡಿ."

ನಾನು ಬಾಯಿ ಬಿಟ್ಟುಕೊಂಡು ನಿಂತೆ.

"ಹಾಂ, ಹಾಗೇ ಇಟ್ಕೊಳ್ಳಿ," ಎಂದು ಅವರು ದೀಪ ಹಿಡಿದು ಬಗ್ಗಿದರು. "ಆ ದವಡೆಹಲ್ಲು ಕೆಟ್ಟೋಗಿದೆ."

ಪುಸ್ತಕ ಕೊಡಲು ಹೋದವನು ಹಲ್ಲು ಕೊಟ್ಟು ಬಂದೆ.

ದುರ್ಯೋಧನನ ಅಂಗಿ

ರಸೆಲ್ ಮಾರ್ಕೆಟ್ ಹಿಂದಿನ ದರ್ಜಿ ಸಾಹೇಬರು ಪುಸ್ತಕ ಕಂಡ ಕೂಡಲೇ ಎರಡೂ ಕೈಯಲ್ಲಿ ಈಸಿಕೊಂಡರು. ನನಗೆ ಕುಣಿಯುವಷ್ಟು ಸಂತೋಷ. ಮರುವಾರ ಹಿಂದೆ ಕೊಟ್ಟು, "ಬಹುತ್ ಅಚ್ಛಾ ಕಿತಾಬ್ ಭಾಯಿ!" ಎಂದರು.

"ಕೊನೇಲಿ ಆ ನರಿಗೆ ಏನಾಯ್ತು ನೋಡಿದ್ರಾ?"

"ನರಿ ಯಾವ್ದು? ನಮ್ಗೆ ಕನ್ನಡ ಓದಕ್ಕೆ ಬರಲ್ಲ. ರಟ್ಟಿನ ಮೇಲೆ ರಾಜನ ಅಂಗಿ ಐತಲ್ಲ, ಅದ್ ನೋಡ್ಕಂಡಿ ಹೊಲಿದ್ವಿ."

ಹೊಲಿದದ್ದು ನಾಟಕ ಕಂಪನಿಯ ದುರ್ಯೋಧನನಿಗೆ! ಅಂದು ಸಂಜೆ ಅವನು ಹೊಟ್ಟೆಯ ಮೇಲೆ ನಾಲ್ಕು ಕಾಲಿನ ಸರ್ಪದ ಚಿತ್ರ, ನೆಲ ಗುಡಿಸುವ ತೋಳು ಬಿಟ್ಟುಕೊಂಡು ರಂಗಕ್ಕೆ ಬಂದ. ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ:

"ಕುರುಕ್ಷೇತ್ರಕ್ಕೂ ಚೀನಾದೋರು ಸೇರ್ಕೊಂಬಿಟ್ರಾ ಗುರು?"

ಯಜಮಾನರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಂಗಿ ಹೊಲಿದರೆ ಓದಿದಂತಲ್ಲವಂತೆ.

ಪರದೆಯ ಹಿಂದೆ

ಹಬ್ಬ ಹತ್ತಿರ ಬಂತು. ಬೇರೆ ದಾರಿ ಕಾಣದೆ ಪುಸ್ತಕವನ್ನು ಮನೆಗೇ ಒಯ್ದೆ. ನನ್ನವಳು ಮಧ್ಯಾಹ್ನ ಗಟ್ಟಿಯಾಗಿ ಓದುವುದು, ಅಮ್ಮ ಕೇಳುವುದು. ಆಮೇಲೆ ಅಕ್ಕಪಕ್ಕದ ಹೆಂಗಸರೂ ಬಂದು ಸೇರತೊಡಗಿದರು.

ಒಂದು ದಿನ ಬಂದು ನೋಡುತ್ತೇನೆ, ಅಡಿಗೆಮನೆ ಬಾಗಿಲಿಗೆ ಹಳೆಯ ಸೀರೆ ಇಳಿಬಿಟ್ಟಿದೆ. ಅದರ ಹಿಂದಿನಿಂದ ಅಮ್ಮನ ದನಿ: "ಸೀಮೆಎಣ್ಣೆ ತಂದ್ಯೇನೋ?"

"ಇಲ್ಲಮ್ಮ, ನಾಳೆ..."

"ಕಾಫಿ ರದ್ದು."

ಚಕ್ರವರ್ತಿಯ ಕಷ್ಟ ನನಗೆ ಅವತ್ತು ಅರ್ಥವಾಯಿತು.

ಹಬ್ಬದ ಹಿಂದಿನ ದಿನ ಯಜಮಾನರೇ ರದ್ದಿಯವನನ್ನು ಕರೆದುಕೊಂಡು ಮನೆಗೆ ಬಂದರು. ನಾನು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. "ಎಲ್ಲಿ ಪುಸ್ತಕ? ತಗೊಂಡ್ಬಾ!"

ಸೀರೆಯ ಹಿಂದಿನಿಂದ ಅಮ್ಮ ಅಂದಳು: "ಕೊಡಲ್ಲ. ಆ ಮಗೂಗೆ ಸಿಂಹಾಸನ ಉಳಿಯುತ್ತೋ ಇಲ್ವೋ ತಿಳೀಬೇಕು."

ಯಜಮಾನರಿಗೆ ರೇಗಿಹೋಯಿತು. "ಪುಸ್ತಕ ನಂದಮ್ಮ! ನನ್ನ ಸೊತ್ತು ಕೇಳೋಕೆ ಯಾರಪ್ಪಣೆ ಬೇಕು ನಂಗೆ?"

ಸೀರೆಯ ಹಿಂದಿನಿಂದ ಇನ್ನೊಂದು ದನಿ ಬಂತು: "ರೀ, ಸುಮ್ನೆ ಮನೆಗ್ ನಡೀರಿ. ಇನ್ನೆರಡು ಅಧ್ಯಾಯ ಇದೆ."

ಅದು ಅವರ ಹೆಂಡತಿಯ ದನಿ.

ಯಜಮಾನರು ಸದ್ದಿಲ್ಲದೆ ಚಪ್ಪಲಿ ಮೆಟ್ಟಿಕೊಂಡರು. ಬಾಗಿಲಲ್ಲಿ ತಕ್ಕಡಿ ಹಿಡಿದು ನಿಂತಿದ್ದ ರದ್ದಿಯವನು, "ಏನಾಯ್ತು ಸ್ವಾಮಿ, ಕೊಡ್ತೀರಾ?" ಎಂದ.

"ಮೆತ್ತಗೆ ಮಾತಾಡಯ್ಯ," ಎಂದರು ಯಜಮಾನರು, "ಒಳಗೆ ದರ್ಬಾರು ನಡೀತಿದೆ."