ಹೇಳಿದಂತೆ ಕೇಳಿದ ಚಿರತೆಯವರ ಮೇಲೊಂದು ಬಹಿರಂಗ ದೂರು

ಹುಲ್ಲುಗಾವಲಿನಾಚೆಯ ಬಿಳಿ ಬಂಡೆಯ ನಿವಾಸಿಗಳಾದ ಮಾನ್ಯ ಚಿರತೆಯವರೇ,

ತಮಗೂ, ತಮ್ಮ ಕುಟುಂಬವರ್ಗಕ್ಕೂ, ತಾವು ಇನ್ನೂ ತಿನ್ನದೆ ಉಳಿಸಿರುವ ನೆರೆಹೊರೆಯ ಜಿಂಕೆಗಳಿಗೂ ಗೌರವಪೂರ್ವಕ ವಂದನೆಗಳು. ತಮ್ಮ ಮಧ್ಯಾಹ್ನದ ನಿದ್ದೆಗೆ ಭಂಗ ತರುತ್ತಿರುವುದಕ್ಕೆ ಕ್ಷಮೆ ಕೋರುತ್ತಾ, ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿ ಹೋದ ಒಂದು ಸಂಕಟವನ್ನು ನಾಲ್ಕು ಜನರೆದುರು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ನಾನು ಪೇಟೆಯಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುವವನು. ಅಂಗಡಿ ತೆರೆದಾಗಿನಿಂದ ಅದೇ ಸ್ಟೂಲು, ಅದೇ ಬಿಳಿ ಪರದೆ, ಕನ್ನಡಿಯ ಪಕ್ಕ ದಾರ ಕಟ್ಟಿ ನೇತುಹಾಕಿದ ಅದೇ ಬಾಚಣಿಗೆ; ಎದುರಿಗೆ ಕೂತವರೆಲ್ಲ ಉಸಿರು ಬಿಗಿಹಿಡಿದವರೇ. ನನ್ನ ಕ್ಯಾಮೆರಾದ ಮುಂದೆ ಒಂದು ಜೀವವಾದರೂ ತನ್ನ ಪಾಡಿಗೆ ತಾನು ಓಡಲಿ, ಆಕಳಿಸಲಿ, ಮೈ ಮುರಿಯಲಿ ಎಂಬ ಆಸೆಯಿಂದ ವರ್ಷವರ್ಷವೂ ಬಾಗಿಲಿಗೆ ಬೀಗ ಜಡಿದು ತಮ್ಮ ರಾಷ್ಟ್ರೀಯ ಉದ್ಯಾನಕ್ಕೆ ಬರುತ್ತಿದ್ದೆ. ಅಲ್ಲಿ ಸರೋವರ ಚೆನ್ನಾಗಿದೆ, ಬೆಟ್ಟ ಚೆನ್ನಾಗಿದೆ, ಜೀಪಿನ ಹಿಂದಿನ ಸೀಟು ಚೆನ್ನಾಗಿಲ್ಲ. ತಮ್ಮ ಬಾಲದ ತುದಿಯಂತೂ ಕಂಡಿರಲಿಲ್ಲ.

ಇತ್ತ ಕೈ ನಡುಗದೆ ಒಂದು ಫೋಟೋ ತೆಗೆಯಲು ಬಾರದ ನನ್ನ ಭಾವಮೈದುನನಿಗೆ ತಾವು ಮೊದಲ ದಿನವೇ ದರ್ಶನವಿತ್ತು, ಕೊಂಬೆಯಿಂದ ಕೊಂಬೆಗೆ ಹಾರಿ, ಕೊನೆಗೊಂದು ಆಕಳಿಕೆಯನ್ನೂ ದಯಪಾಲಿಸಿದಿರಿ. ಅವನು ಫೋನಿನಲ್ಲಿ ಹಿಡಿದ ಆ ಚಿತ್ರ ಈಗ ಮಾವನವರ ಮನೆಯಲ್ಲಿ ನನ್ನ ಮದುವೆ ಫೋಟೋ ಇದ್ದ ಜಾಗದಲ್ಲಿ ನೇತಾಡುತ್ತಿದೆ. ಇದರಲ್ಲಿ ತಮ್ಮ ಪಕ್ಷಪಾತವಿದೆ ಎಂದು ನಾನು ಹೇಳುವುದಿಲ್ಲ. ನನ್ನ ಹೆಂಡತಿ ಹೇಳುತ್ತಾಳೆ.

ಈ ಸಲ ತಾವು ಬಂದಿರಿ. ಜೀಪಿನ ಡ್ರೈವರಣ್ಣ ಪಿಸುಗುಟ್ಟಿ ತೋರಿಸಿದಾಗ, ಬಂಡೆಯ ಮುಂದೆ ನಿಂತ ತಮ್ಮನ್ನು ಕಂಡು ನನ್ನ ಎದೆ ಬಾಯಿಗೆ ಬಂತು. ಎದೆಯ ಜೊತೆಗೆ, ದಿನಾ ಅಂಗಡಿಯಲ್ಲಿ ಆಡುವ ಮಾತೂ ಬಂದುಬಿಟ್ಟಿತು: “ನೇರ ಕೂತ್ಕೊಳ್ಳಿ. ಗದ್ದ ಸ್ವಲ್ಪ ಕೆಳಗೆ. ಎರಡೂ ಕಿವಿ ಕಾಣ್ಲಿ. ಹಲ್ಲು ಬೇಡ.” ಮರ್ಯಾದಸ್ಥ ಕಾಡುಪ್ರಾಣಿಯಾದವರು ಇದನ್ನು ಕೇಳಿ ಓಡಿಹೋಗಬೇಕಿತ್ತು, ಇಲ್ಲವೇ ನನ್ನ ಮೇಲೆ ಹಾರಬೇಕಿತ್ತು. ತಾವೋ, ಕೂತಿರಿ, ಗದ್ದ ಇಳಿಸಿದಿರಿ, ಮಡಿಚಿದ್ದ ಎಡಗಿವಿಯನ್ನೂ ನೆಟ್ಟಗೆ ಮಾಡಿಕೊಂಡಿರಿ! “ನನ್ನ ಮಕ್ಕಳೂ ಇಷ್ಟು ಮಾತು ಕೇಳಲ್ಲ ಸಾರ್” ಎಂದು ಡ್ರೈವರಣ್ಣ ಕಣ್ಣೊರೆಸಿಕೊಂಡ.

ಇಂಥ ಗಿರಾಕಿ ನನಗೆ ಸಿಕ್ಕೇ ಇಲ್ಲ ಎಂದು ಒಪ್ಪಿಕೊಳ್ಳಲೇಬೇಕು. ದೊಡ್ಡ ದೊಡ್ಡ ಅಧಿಕಾರಿಗಳು ಕಣ್ಣು ಮಿಟುಕಿಸುತ್ತಾರೆ, ವಕೀಲರಿಗೆ ಮೂಗು ತುರಿಸುತ್ತದೆ. ತಾವು ಎರಡೂ ಭುಜ ಸಮವಾಗಿಟ್ಟು, ಹಿಂದೆ ಬಿಳಿ ಬಂಡೆ ಇಟ್ಟುಕೊಂಡು, ವೀಸಾಕ್ಕೆ ಕಾದವರಂತೆ ಕುಳಿತಿರಿ. ಆ ಚಿತ್ರದೊಡನೆ ತಾವು ಯಾವ ದೇಶಕ್ಕೆ ಬೇಕಾದರೂ ಹೋಗಬಹುದು. ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಗೆ ಮಾತ್ರ ಹೋಗುವಂತಿಲ್ಲ. ಅಲ್ಲಿನ ತೀರ್ಪುಗಾರರು “ಹುಲ್ಲು ತುಂಬಿದ ಗೊಂಬೆಯ ಚಿತ್ರ ಸ್ವೀಕಾರಾರ್ಹವಲ್ಲ” ಎಂದು ಒಂದೇ ಸಾಲು ಬರೆದು ತಿರಸ್ಕರಿಸಿದರು. ಹೆಂಡತಿ ನೋಡಿ, “ಅಯ್ಯೋ, ನಮ್ಮ ದೊಡ್ಡಣ್ಣನ ಗುರುತಿನ ಚೀಟಿ ಇದ್ದಂಗೇ ಇದೆಯಲ್ಲ ರೀ” ಅಂದಳು. ಅವತ್ತು ನನಗೆ ಊಟ ಸೇರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಅಳು ಬಂತು. ಕಾಡಿಗೆ ಹೋದರೂ ನಾನು ಅಂಗಡಿಯಿಂದ ಹೊರಗೆ ಬಂದಿರಲಿಲ್ಲ ಅನ್ನಿಸಿಬಿಟ್ಟಿತು.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಕಚೇರಿಯ ವೇಳೆಯಲ್ಲಿ ತೀರ್ಪುಗಾರರ ಎದುರು ಖುದ್ದಾಗಿ ಹಾಜರಾಗಿ, ಜೀವಂತವಾಗಿರುವುದನ್ನು ಉಸಿರಾಡುವ ಮೂಲಕ ದೃಢಪಡಿಸಬೇಕು. ಪ್ರಯಾಣ ಒಗ್ಗದಿದ್ದರೆ ಫೋನಿನಲ್ಲೊಮ್ಮೆ ಗುರುಗುಟ್ಟಿದರೂ ಆದೀತು. ಬಂದದ್ದೇ ಆದರೆ ಅಧ್ಯಕ್ಷರ ಕುರ್ಚಿಯನ್ನು ಸ್ವಲ್ಪ ಪರಚಿ ಬರಬೇಕೆಂದು ಕೋರುತ್ತೇನೆ. ಆ ಹೊತ್ತಿನಲ್ಲಿ ಅವರು ಅದರ ಮೇಲೆ ಕುಳಿತಿದ್ದರೆ ಅದು ಅವರ ಹಣೆಬರಹ. ಬಸ್ಸಿನಲ್ಲಿ ಜಾಗ ಬಿಡಿ ಎಂದು ತಾವು ಯಾರನ್ನೂ ಕೇಳಬೇಕಾಗಿ ಬರುವುದಿಲ್ಲ.

ಇಷ್ಟೆಲ್ಲ ಆದ ಮೇಲೂ,
ತಮ್ಮ ವಿಶ್ವಾಸಿ,
ಮೂಲೆ ಸ್ಟುಡಿಯೋದ ಫೋಟೋದವನು

ವಿ.ಸೂ.: ಈ ಪತ್ರವನ್ನು ಪತ್ರಿಕೆಗೆ ಕಳಿಸುವಷ್ಟರಲ್ಲಿ ತೀರ್ಪುಗಾರರಿಂದ ಮತ್ತೊಂದು ಕಾಗದ ಬಂತು. ಚಿತ್ರವನ್ನು ಕರಕುಶಲ ವಿಭಾಗಕ್ಕೆ ಸೇರಿಸಿ ಮೊದಲ ಬಹುಮಾನ ಘೋಷಿಸಿದ್ದಾರೆ. ನನಗಲ್ಲ, ತಮ್ಮೊಳಗೆ ಇಷ್ಟು ಅಚ್ಚುಕಟ್ಟಾಗಿ ಹುಲ್ಲು ತುಂಬಿದವರಿಗೆ. ಹೊಲಿಗೆ ಎಲ್ಲಿದೆಯೆಂದು ಮುಟ್ಟಿ ನೋಡಲು ತೀರ್ಪುಗಾರರೆಲ್ಲರೂ ಖುದ್ದಾಗಿ ತಮ್ಮ ಬಂಡೆಯ ಬಳಿಗೇ ಬರುತ್ತಾರಂತೆ. ದಾರಿ ತಿಳಿಸಿ, ಹೊಟ್ಟೆಯ ಅಡಿಯಲ್ಲಿ ಕೈ ಹಾಕಿ ಹುಡುಕಿದರೆ ಸಿಗುತ್ತದೆ ಎಂದು ಉತ್ತರ ಬರೆದಿದ್ದೇನೆ.