ಲಕೋಟಿ ಒಡೆಯದ ಒಕ್ಕೂಟ

ಪೋಸ್ಟಿನ ತಿಕೀಟು ಕೂಡಿಸೋ ಮಂದಿ ನಾಲ್ಕು ಜನ ಒಂದ ಕಡೆ ಕೂತ್ರ ಏನಾರ ಒಂದು ಫಜೀತಿ ಆಗದ ಇರೂದಿಲ್ಲ. ನಾವಂತೂ ಐದು ಊರಿನ ಮಂದಿ ಕೂಡಿದವರು. ಪುಣೆ, ಸಾತಾರ, ಸೊಲ್ಲಾಪುರ, ಬೆಳಗಾವಿ, ಧಾರವಾಡ, ಈ ಐದೂ ಊರಿನ ತಿಕೀಟು ಸಂಘಗಳ ಒಕ್ಕೂಟಕ್ಕ ನಾನು ಮೊದಲಿಂದಲೂ ಕಾರ್ಯದರ್ಶಿ. ಹೊಟ್ಟಿಪಾಡಿಗೆ ಪುಣೆಯ ರವಿವಾರ ಪೇಟೆಯ ಒಂದು ಅರಿವಿ ಅಂಗಡಿಯೊಳಗ ಕಾರಕೂನ. ಆದ್ರ ಯಾರಾದ್ರೂ "ಏನ್ ಮಾಡ್ತೀರಿ?" ಅಂತ ಕೇಳಿದ್ರ ಬಾಯಿಗೆ ಮೊದಲು ಬರೂದು ಒಕ್ಕೂಟನ.

ಆವಾಗ ಬ್ರಿಟಿಷರ ರಾಜ್ಯ. ಪುಣೆಯ ದಂಡಿನ ಕ್ಯಾಂಪಿನ್ಯಾಗ ಸಾಹೇಬರದೊಂದು ತಿಕೀಟು ಕ್ಲಬ್ ಇತ್ತು, ಅವರಿಗೊಂದು ದೊಡ್ಡ ಹಾಲ್ ಇತ್ತು. ಅಲ್ಲೊಂದು ಪ್ರದರ್ಶನ ಮಾಡಿ ನಮ್ಮ ತಿಕೀಟೂ ಆ ಹಾಲಿನ ಗ್ವಾಡಿ ಮ್ಯಾಲೆ ತೂಗಬೇಕು ಅನ್ನೂದು ನಮ್ಮ ಹಟ. ಕೇಳಲಿಕ್ಕೆ ಹೋದ್ರ ಅಲ್ಲಿಯ ದೊಡ್ಡ ಸಾಹೇಬ ತನ್ನ ಹರಕಾ ಮುರಕಾ ಹಿಂದೂಸ್ತಾನಿಯೊಳಗ, "ಓಣಿ ಸಂಘಕ್ಕೆಲ್ಲಾ ಹಾಲ್ ಸಿಗೂದಿಲ್ಲ. ಐದು ಊರಿನವರು ಒಂದಾಗಿ ಬರ್ರಿ, ನೋಡೋಣು" ಅಂದ. ಆಗೂದಿಲ್ಲ ಅಂತ ತಿಳಕೊಂಡನ ಅಂದಿದ್ದ. ನಮ್ಮ ಮಂದಿ ಎಂಥವರು ಅಂತ ಅವಗೇನು ಗೊತ್ತು!

೧. ಮಾಸ್ತರರ ಪರಾತ

ನಮ್ಮ ಪುಣೆ ಸಂಘದ ಹಿರೇರು ಅಂದ್ರ ಮಾಸ್ತರು. ಸಾಲಿಯಿಂದ ನಿವೃತ್ತಿ ಆದವರು. ಅವರ ಮನಿ ಪಡಸಾಲಿಯೊಳಗ ಯಾವಾಗಲೂ ಒಂದು ಪರಾತದ ತುಂಬ ನೀರು. ಟಪಾಲು ಬಂದ್ರ ಸಾಕು, ತಿಕೀಟಿನ ಅಂಟು ಬಿಡಲಿ ಅಂತ ಲಕೋಟಿ ಒಡೀದನ ಅದರಾಗ ಮುಳುಗಿಸಾವರು.

ಐದು ಊರು ಕೂಡಿ ಒಕ್ಕೂಟ ಆಗಬೇಕು ಅನ್ನೋ ಠರಾವು ಬರದು, ಸಹಿ ಮಾಡ್ರಿ ಅಂತ ನಾನು ಅವರಿಗೆ ಟಪಾಲಿನಿಂದ ಕಳಿಸಿದೆ. ನಾಲ್ಕು ದಿನ ಆದ್ರೂ ಉತ್ತರ ಇಲ್ಲ. ಹೋಗಿ ನೋಡಿದ್ರ ಪರಾತದಾಗ ಶಾಯಿ ಬಿಟ್ಟ ನೀಲಿ ನೀರು, ಅದರಾಗ ಬೆಳ್ಳನ್ನ ಕಾಗದ ತೇಲಾಕತ್ತದ.

"ಮಾಸ್ತರ, ನಮ್ಮ ಠರಾವು!"

"ಯಾವ ಠರಾವು? ತಿಕೀಟು ನೋಡು, ಅಂಚಿನ ಒಂದು ಹಲ್ಲೂ ಮುರೀದಂಗ ಬಿಟ್ಟು ಬಂದದ!"

ನನಗ ಮೈಯೆಲ್ಲಾ ಉರೀತು. ಅವತ್ತ ಕಟ್ಟುನಿಟ್ಟಾಗಿ ಒಂದು ನಿಯಮ ಮಾಡಿದೆ: ಒಕ್ಕೂಟದ ಟಪಾಲು ಬಂದದ್ದು ಬಂದಂಗ ಇರಬೇಕು, ಯಾರೂ ಕೈ ಹಚ್ಚೂಹಂಗಿಲ್ಲ. ಮಾಸ್ತರರ ಮನಿಯವರು ಒಳಗಿಂದ, "ಚಲೋ ಮಾಡಿದ್ರಿ. ಮಗಳ ಕಾಗದನೂ ಹಿಂಗ ತೊಳದ್ರು. ಗಂಡು ಹಡದಾಳೋ ಹೆಣ್ಣು ಹಡದಾಳೋ ಇನ್ನೂ ನಮಗ ಗೊತ್ತಿಲ್ಲ" ಅಂದ್ರು.

೨. ರಾಣಿ ಕಾಣವಲ್ಲಳು

ಉಳಿದ ನಾಲ್ಕು ಊರಿಗೆ ಪತ್ರ ಬರೀಲಿಕ್ಕೆ ಮಾಸ್ತರರ ಮನ್ಯಾಗ ಸಭೆ ಸೇರಿತು. ಸುಡೋ ಮೇ ತಿಂಗಳು. ತಿಕೀಟು ಹಾರ್ತಾವಂತ ಕಿಟಕಿ ಬಾಗಿಲಾ ಮುಚ್ಚಿದ್ವಿ, ಬೀಸಣಿಕಿ ಬಂದ್. ಸೆಕಿ ತಡೀಲಾರದ ಮಾಸ್ತರು ಪಗಡಿ ತಗದಿಟ್ರು. ಅಷ್ಟರಾಗ ನಾನು ಒಂದು ಚಿಮಟಿ ತಪಕೀರು ಮೂಗಿಗೆ ಏರಿಸಿ ಸೀನಿಬಿಟ್ಟೆ. ಮೇಜಿನ ಮ್ಯಾಲಿನ ತಿಕೀಟೆಲ್ಲಾ ಗಾಳಿಗೆ!

ಆರಿಸಿ ನೋಡಿದ್ರ ಮಾಸ್ತರರ ಹಳೇ ವಿಕ್ಟೋರಿಯಾ ರಾಣಿ ತಿಕೀಟು ಇಲ್ಲ. ಬಾಗಿಲಿಗೆ ಚಿಲಕ ಬಿತ್ತು. ಎಲ್ಲಾರೂ ಕೋಟು ಝಾಡಿಸಿದ್ವಿ, ಧೋತರದ ನಿರಿಗಿ ಬಿಚ್ಚಿ ತೋರಿಸಿದ್ವಿ. ಮಾಸ್ತರು ಸಾಲಿಯೊಳಗಿನಂಗ ನಿಂತು ಪ್ರಾಮಾಣಿಕತನದ ಬಗ್ಗೆ ಭಾಷಣ ಶುರು ಹಚ್ಚಿದ್ರು. ಅವರು ತಲಿ ಬಗ್ಗಿಸಿದಾಗ ನೋಡಿದ್ವಿ, ಬೆವತ ಬೋಳ ತಲಿಗೆ ರಾಣಿ ಅಂಟಿಕೊಂಡಾಳ. ಹೇಳೋ ಧೈರ್ಯ ಯಾರಿಗದ? ಅರ್ಧಾ ತಾಸು ಭಾಷಣ ಕೇಳಿದ್ವಿ.

ಕಡೀಕ ಅವರ ಮನಿಯವರು ಪಾನಕ ತಂದ್ರು. "ಅಯ್ಯ, ರಾಣಿ ನಿಮ್ಮ ತಲೀ ಮ್ಯಾಲೆ ಕೂತಾಳಲ್ಲರೀ!"

ಮಾಸ್ತರು ಅಲುಗಾಡಲಿಲ್ಲ. "ಇಡೀ ದೇಶದ ತಲೀ ಮ್ಯಾಲೆ ಕೂತಿದ್ದಾಕಿ, ನನ್ನ ಬಿಡ್ತಾಳೇನು? ಪರಾತ ತಗೊಂಬಾ."

೩. ನಾಲ್ಕು ಲಕೋಟಿ

ನಾಲ್ಕೂ ಊರಿಂದ ಉತ್ತರ ಬಂದ್ವು. ನಾನು ಚಾಕು ತಗೊಂಡೆ, ಮಾಸ್ತರು ಕೈ ಹಿಡದ್ರು. "ಏ, ಏನ್ ಮಾಡ್ತಿ? ಒಕ್ಕೂಟಕ್ಕ ಬಂದ ಮೊದಲನೇ ಟಪಾಲು ಇದು! ಪೋಸ್ಟಿನ ಶಿಕ್ಕಾ ಎಷ್ಟು ಚಂದ ದುಂಡಗ ಬಿದ್ದದ ನೋಡು. ಹರದ್ರ ಹೋತು. ಮತ್ತ ನಿಯಮ ನಿಂದ ಅದ, ಬಂದದ್ದು ಬಂದಂಗ ಇರಬೇಕು."

"ಒಪ್ಪ್ಯಾರೋ ಇಲ್ಲೋ ನೋಡಬ್ಯಾಡೇನ್ರಿ?"

"ಒಲ್ಲೆ ಅನ್ನಲಿಕ್ಕೆ ಯಾವನಾರ ತಿಕೀಟು ದಂಡ ಮಾಡ್ತಾನೇನಪಾ?"

ಖರೇ ಅನಿಸ್ತು. ಅವತ್ತ ನಾಲ್ಕೂ ಊರಿಗೆ, "ನಿಮ್ಮ ಪತ್ರ ಮುಟ್ಟಿತು, ಭಾಳ ಸಂತೋಷ ಆತು, ಪ್ರದರ್ಶನಕ್ಕ ತಪ್ಪದ ಬರ್ರಿ" ಅಂತ ಬರದು ಹಾಕಿದೆ.

ಲಕೋಟಿ ತಗೊಂಡು ಇಬ್ಬರೂ ಸಾಹೇಬನ ಹಂತೇಕ ಹೋದ್ವಿ. ಅವ ಲಕೋಟಿ ತಿರುಗಿಸಿ ನೋಡಿ, "ಇನ್ನೂ ಒಡದೇ ಇಲ್ಲ? ಒಳಗ ಏನದ ಅಂತ ನನಗ ತಿಳೀಬೇಕು" ಅಂತ ಚಾಕು ತಗದ. ಸೊಲ್ಲಾಪುರದ ಲಕೋಟಿ ಕೈಯಾಗ ಹಿಡದು, ಚಾಳೀಸು ಏರಿಸಿ, ಭೂತಗನ್ನಡಿ ಹಿಡದು ಆ ಶಿಕ್ಕಾ ನೋಡಿದ. ಮತ್ತೊಮ್ಮೆ ನೋಡಿದ. ಸಾವಕಾಶ ಚಾಕು ಮೇಜಿನ ಖಾನೆಯೊಳಗ ಇಟ್ಟ.

"ಇದನ್ನ ಹರೀಲಿಕ್ಕೆ ನನಗ ಕೈ ಬರೂದಿಲ್ಲ. ನೀವು ಖರೇ ತಿಕೀಟಿನ ಮಂದಿ. ಹಾಲ್ ತಗೋರಿ."

ಪ್ರದರ್ಶನದ ದಿನ ನಾಲ್ಕೂ ಊರಿನವರು ಆಲ್ಬಮ್ ಹೊತ್ತು ಬಂದ್ರು. ಸೊಲ್ಲಾಪುರದ ಸಂಘದ ಮುಖ್ಯಸ್ಥರು, ದೊಡ್ಡ ಅರಿವಿ ವ್ಯಾಪಾರಿ, ಬಂದ ಕೂಡಲೇ ನನ್ನ ಎರಡೂ ಕೈ ಹಿಡಕೊಂಡ್ರು. ಸಾಹೇಬರ ಗ್ವಾಡಿ ತುಂಬ ನಮ್ಮ ತಿಕೀಟು! ನನ್ನ ಕಣ್ಣಾಗ ನೀರು ಬಂತು, ಸುಳ್ಳ್ಯಾಕ ಹೇಳಲಿ. ಸಾಹೇಬ ಮಾತ್ರ ಅವತ್ತು ಮೂರು ಸಲ ಬಂದು, "ಆ ಸೊಲ್ಲಾಪುರದ ಲಕೋಟಿ ನನಗ ಕೊಡ್ರಿ" ಅಂದ. "ಹಾಲ್ ಬಿಟ್ಟುಕೊಟ್ರೂ ಕೊಡೂದಿಲ್ಲ" ಅಂದ್ರು ಮಾಸ್ತರು.

೪. ಒಂದ ಒಂದು ಒಡದ್ವಿ

ವರ್ಷಗಳು ಹೋದ್ವು. ಒಕ್ಕೂಟದ ಪ್ರದರ್ಶನ ಒಂದು ವರ್ಷನೂ ತಪ್ಪಲಿಲ್ಲ. ಸೊಲ್ಲಾಪುರದ ಆ ವ್ಯಾಪಾರಿನ ನಮ್ಮ ಅಧ್ಯಕ್ಷರಾದ್ರು. ಸ್ವಾತಂತ್ರ್ಯ ಬಂತು, ಸಾಹೇಬ ಗಂಟುಮೂಟಿ ಕಟ್ಟಿದ, ನಮ್ಮ ಬಾವುಟದ ಚಿತ್ರ ಇದ್ದ ತಿಕೀಟು ಬಂತು. ಅದನ್ನ ಅದ ಹಾಲಿನ್ಯಾಗ ನಟ್ಟನಡುವ ತೂಗಹಾಕಿದ್ವಿ. ಎದಿ ಉಬ್ಬಿ ಕೋಟಿನ ಗುಂಡಿ ಹರಿಯೂದೊಂದು ಬಾಕಿ.

"ನಮ್ಮ ಒಕ್ಕೂಟ ಹೆಂಗ ಹುಟ್ಟಿತು ಅಂತ ಮಂದಿಗೆ ತಿಳೀಲಿ, ಹಳೇ ಒಪ್ಪಿಗಿ ಪತ್ರ ಓದೋಣು" ಅಂದೆ. ಮಾಸ್ತರು ಹಣ್ಣ ಮುದುಕರಾಗಿದ್ರು, ಆದ್ರ ಹಟ ಹಂಗ ಇತ್ತು. "ಒಂದ ಒಂದು. ಅದೂ ಬಿಸಿನೀರಿನ ಹಬಿ ಮ್ಯಾಲೆ ಹಿಡದು, ಹರೀದಂಗ" ಅಂದ್ರು. ಅಧ್ಯಕ್ಷರ ಮರ್ಯಾದಿಗೆ ಸೊಲ್ಲಾಪುರದ್ದ ಬಿಚ್ಚಿದ್ವಿ. ತುಂಬಿದ ಸಭಾದಾಗ ನಾನು ದೊಡ್ಡ ದನಿ ತಗದು ಓದಿದೆ:

"ನಿಮ್ಮ ಒಕ್ಕೂಟ ನಮಗ ಬ್ಯಾಡ. ಪುಣೆಯವರ ಸೊಕ್ಕು ನಮಗ ಗೊತ್ತದ. ಇನ್ನೊಮ್ಮೆ ಬರೀಬ್ಯಾಡ್ರಿ."

ಕೆಳಗ ಅಧ್ಯಕ್ಷರ ಸಹಿ. ಎಲ್ಲಾರ ಕಣ್ಣೂ ಅಧ್ಯಕ್ಷರ ಮ್ಯಾಲೆ.

"ಅಕ್ಷರ ನಂದ ಅದ" ಅಂದ್ರು ಅವರು, ಮಾರಿ ಕೆಂಪಗ ಮಾಡಿಕೊಂಡು. "ಇಷ್ಟು ಬೈದು ಬರದ್ರ, 'ಭಾಳ ಸಂತೋಷ ಆತು, ತಪ್ಪದ ಬರ್ರಿ' ಅಂತ ನಿಮ್ಮ ಉತ್ತರ ಬಂತು. ಎಂಥಾ ದೊಡ್ಡ ಮನಸ್ಸಿನ ಮಂದೀಪಾ ಅಂತ ನನಗ ನಾಚಿಕಿ ಆತು. ಅದಕ್ಕ ಬಂದೆ. ಬಂದವ ಹೋಗಲಿಲ್ಲ."

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ನಾನೂ ಕಣ್ಣು ಒರಸಿಕೋತ ಉಳಿದ ಮೂರು ಲಕೋಟಿಗೆ ಕೈ ಹಾಕಿದೆ. ಅಷ್ಟರಾಗ ಮಾಸ್ತರು ಕೋಲೂರಿ ಎದ್ದು ಬಂದು, ಮೂರನ್ನೂ ಕಸಗೊಂಡು ಕಿಸೆಯೊಳಗ ಇಟ್ಕೊಂಡ್ರು.

"ಸುಮ್ಮನಿರೋ. ಒಕ್ಕೂಟ ಚಲೋ ನಡದದ."