ಇಲಿಯ ಮಿದುಳೂ ಆಯುಧಪೂಜೆಯೂ

ಲ್ಯಾಬಿನ ಕೆಲಸವೆಂದರೆ ದಿನಕ್ಕೊಂದು ಫಜೀತಿ ಎಂದು ನನಗೆ ಮೊದಲು ಹೇಳಿದವರು ತೋವಿನಕೆರೆಯ ನಮ್ಮ ಭಾವ. ಅವರು ನಿವೃತ್ತರಾದ ಮೇಲೆ ಅದೇ ಅಟೆಂಡರ್ ಕೆಲಸಕ್ಕೆ ನಾನು ಸೇರಿದೆ. ಅವರ ಮಾತು ಸುಳ್ಳಾಗಲಿಲ್ಲ.

೧

ಅಲ್ಲಿ ಪಾವಗಡದ ಕಡೆಯ ಒಬ್ಬ ಮೇಡಂ ಪಿಎಚ್‌ಡಿ ಮಾಡುತ್ತಿದ್ದರು. ಇಲಿಯ ಮಿದುಳನ್ನು ಹೋಳು ಮಾಡದೆ, ಇಡಿಯಾಗಿಯೇ ಆಂಟಿಬಾಡಿ ದ್ರಾವಣದಲ್ಲಿ ನೆನೆಹಾಕುವುದು ಅವರ ಕೆಲಸ. ಆಂಟಿಬಾಡಿ ಒಳಗಿಳಿದು, ತನಗೆ ಬೇಕಾದ ಪ್ರೋಟೀನು ಎಲ್ಲಿದೆಯೋ ಅಲ್ಲಿ ಮಾತ್ರ ಅಂಟಿಕೊಳ್ಳಬೇಕು. ಅದರ ಜೊತೆಗಿನ ಬಣ್ಣ ಮೈಕ್ರೋಸ್ಕೋಪಿನಲ್ಲಿ ಹೊಳೆಯಬೇಕು. ಎರಡು ಸಲ ಕೆಟ್ಟಿತ್ತು. ಮೂರನೆಯದೂ ಕೆಟ್ಟರೆ ಅವಧಿ ಮುಗಿದು ಪಿಎಚ್‌ಡಿ ಕೈತಪ್ಪುತ್ತಿತ್ತು.

“ಒಳಕ್ಕಿಳಿಯೋಕೆ ಎಷ್ಟು ದಿನ ಬೇಕಮ್ಮ?” ಅಂದೆ.

“ಮೂರು ವಾರ ಅಣ್ಣ.”

“ಇಲಿ ತಲೆಗೇ ಇಂಗಾದ್ರೆ ನಮ್ಮಂಥೋರ ತಲೆಗೆ?”

“ನಿಮ್ಗೆ ಬೇಗ ಆಗುತ್ತೆ. ಖಾಲಿ ಜಾಗ ಜಾಸ್ತಿ.”

೨

ಕೊನೆಗೆ ಮಿದುಳನ್ನು ಒಂದು ದ್ರವದಲ್ಲಿಟ್ಟು ಗಾಜಿನಂತೆ ಪಾರದರ್ಶಕ ಮಾಡುತ್ತಾರೆ. ನನಗದು ಗೊತ್ತಿರಲಿಲ್ಲ. ಮೇಜಿನ ಮೇಲೆ ಬರೀ ನೀರಿದ್ದ ಸೀಸೆ ಕಂಡಿತು. ತೊಳೆದಿಡೋಣವೆಂದು ಮುಚ್ಚಳ ತೆಗೆದು ಸಿಂಕಿಗೆ ಬಗ್ಗಿಸಿದೆ.

“ವದ್ದನ್ನಾ, ವದ್ದು.”

ಗಾಬರಿಯಾದರೆ ಮೇಡಂಗೆ ತೆಲುಗೇ ಬರುವುದು. ಬೇಡ ಅನ್ನುತ್ತಿದ್ದಾರೆಂದು ತಿಳಿದು ಕೈ ಅಲ್ಲೇ ನಿಂತಿತು.

“ಇದ್ರಾಗೆ ಏನೂ ಇಲ್ವಲ್ಲಮ್ಮ?”

ಸೀಸೆ ಕಿತ್ತುಕೊಂಡು ಎದೆಗೊತ್ತಿಕೊಂಡರು. “ಕಾಣಿಸ್ದೆ ಇರ್ಲಿ ಅಂತ್ಲೇ ಇಷ್ಟು ದಿನ ಒದ್ದಾಡಿರೋದು.”

೩

ಆಯುಧಪೂಜೆಯ ರಜೆ ಮುಗಿದು ಚಿತ್ರ ತೆಗೆಯುವ ದಿನ ಬಂತು. ಮೇಡಂಗೆ ಗೈಡ್ ಆಗಿದ್ದ ಸಾರೂ ಬಂದು ಕೂತರು. ಪರದೆ ತುಂಬ ಹಸಿರು ಮಬ್ಬು.

“ಕಂಡಕಂಡಲ್ಲೆಲ್ಲ ಅಂಟಿದೆಯಲ್ಲಮ್ಮ” ಎಂದರು ಸಾರ್.

ಮೇಡಂ ಹೋಲಿಕೆಗೆಂದು ಆಂಟಿಬಾಡಿ ಹಾಕದೆ ಇಟ್ಟಿದ್ದ ಇನ್ನೊಂದು ಮಿದುಳನ್ನು ಇಟ್ಟು ನೋಡಿದರು. ಅದೂ ಹಸಿರು. ಅವರ ಕಣ್ಣು ತುಂಬಿತು. ಸಾರ್ ಅದನ್ನೂ ತೆಗೆದು, ಏನೂ ಇಡದೆ ನೋಡಿದರು. ಆಗಲೂ ಹಸಿರು.

ದೇವರ ಮೇಲೆ ಭಾರ ಹಾಕಿ ಹೇಳಿದೆ. “ಸಾರ್, ಹಬ್ಬದ ದಿನ ಮಿಷನ್‌ಗೆಲ್ಲ ಪೂಜೆ ಮಾಡಿದ್ದೆ. ಒಳಗಿನ ಗಾಜಿಗೂ ಒಂದು ಅರಿಶಿನದ ಬೊಟ್ಟು ಇಟ್ಟಿದ್ದೆ.”

“ಲೆನ್ಸಿಗಾ?”

“ಎಲ್ಲಾ ಕಡೆ ಇಟ್ಟು ಅದೊಂದನ್ನ ಹೆಂಗೆ ಬುಡೋದು ಸಾರ್?”

ಅರಿಶಿನವೂ ಮೈಕ್ರೋಸ್ಕೋಪಿನ ಬೆಳಕಿಗೆ ಹಸಿರಾಗಿ ಹೊಳೆಯುತ್ತದಂತೆ. ಮೇಡಂ ಉಸಿರು ಬಿಗಿಹಿಡಿದು ಲೆನ್ಸು ಒರೆಸಿ, ಮೊದಲಿನ ಮಿದುಳನ್ನು ಮತ್ತೆ ಇಟ್ಟರು. ಕಪ್ಪು ಪರದೆಯ ಮೇಲೆ ಜೀವಕೋಶಗಳು ಒಂದೊಂದಾಗಿ ಹೊಳೆದವು. ಮೇಡಂ ಅಲ್ಲೇ ಕುಸಿದು ಕೂತು ಅತ್ತರು, ನಕ್ಕರು.

ಸಾರ್ ನನ್ನ ಕಡೆ ತಿರುಗಿದರು. ಕೆಲಸ ಹೋಯಿತು ಅಂದುಕೊಂಡೆ.

“ನಮ್ಮ ಬಣ್ಣ ಮೂರು ವಾರ ನೆನೆಸಿದ್ರೂ ಇಷ್ಟು ಹೊಳಿಯಲ್ಲ. ಅರಿಶಿನ ಯಾವ ಅಂಗಡೀದು?”

ನಿಮ್ಮ ಕಡೆ ಲ್ಯಾಬಿನಲ್ಲಿ ಇರುವವರಿಗೆ ಹಬ್ಬಕ್ಕೆ ಮುಂಚೆಯೇ ಇದನ್ನು ಹೇಳಿಬಿಡಿ. ಪೂಜೆ ಬಿಡುವುದು ಬೇಡ. ಬೊಟ್ಟು ಮಾತ್ರ ಬಾಗಿಲಿಗೇ ಇಡಲಿ.